ಹೀರೋಯಿಕ್ ಕಪ್ಲೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಕಾವ್ಯವನ್ನು ಓದುತ್ತ ಡ್ರೈಡನ್ ಮತ್ತು ಪೋಪ್‌ರ ಕಾಲಕ್ಕೆ ಬಂದು ನಿಂತ ಕನ್ನಡದ ಓದುಗರು ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಇಂಗ್ಲಿಷ್ ಸಾಲುಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟಿದೆ. ಅವುಗಳನ್ನು ಕಣ್ಣಾಡಿಸಿ ಬಿಡದೆ ಬಾಯಿಬಿಟ್ಟು ಓದಬೇಕೆಂದು ಕೋರಿಕೆ. ಈ ಛಂದೋರೂಪದ ಮುಕ್ಕಾಲು ಪಾಲು ಕಿವಿಗೆ ಸೇರಿದ್ದು.

ಹೀರೋಯಿಕ್ ಕಪ್ಲೆಟ್ ಎಂದರೆ ನಿಖರವಾಗಿ ಏನು?

ಅಯಾಂಬಿಕ್ ಪೆಂಟಾಮೀಟರ್ ಎಂಬ ಲಯದಲ್ಲಿರುವ, ಒಂದರ ಕೊನೆಗೆ ಇನ್ನೊಂದು ಪ್ರಾಸ ಕೂಡುವ ಎರಡು ಸಾಲುಗಳ ಜೋಡಿಗೆ, ಅಂದರೆ ದ್ವಿಪದಿಗೆ, ಈ ಹೆಸರು. ಸಾಲಿಗೆ ಹತ್ತು ಸಿಲಬಲ್ (ಒಂದು ಸ್ವರದ ಸುತ್ತ ಕೂಡುವ ಉಚ್ಚಾರಣೆಯ ತುಣುಕು), ಎರಡೆರಡು ಸಿಲಬಲ್‌ಗಳ ಐದು ಗಣ, ಪ್ರತಿ ಗಣದಲ್ಲಿ ಎರಡನೆಯದರ ಮೇಲೆ ಒತ್ತು. ಪ್ರಾಸ ಎರಡು ಸಾಲಿಗೇ ಮುಗಿದು, ಮುಂದಿನ ಜೋಡಿಗೆ ಹೊಸ ಪ್ರಾಸ ಬರುತ್ತದೆ. ಪೋಪ್‌ನ 'ದ ರೇಪ್ ಆಫ್ ದ ಲಾಕ್' ಕಾವ್ಯದ ಮೂರನೆಯ ಸರ್ಗದಲ್ಲಿ, ಮಧ್ಯಾಹ್ನದ ಹೊತ್ತು ಲಂಡನ್ನಿನ ನ್ಯಾಯಾಲಯದಲ್ಲಿ ಏನು ನಡೆಯುತ್ತದೆ ಎಂದು ಹೇಳುವ ಜೋಡಿ ಇದು:

ದ ಹಂಗ್ರಿ ಜಡ್ಜಸ್ ಸೂನ್ ದ ಸೆಂಟೆನ್ಸ್ ಸೈನ್,
ಆಂಡ್ ರೆಚಸ್ ಹ್ಯಾಂಗ್ ದಟ್ ಜೂರಿಮೆನ್ ಮೇ ಡೈನ್.

ಹಸಿದ ನ್ಯಾಯಾಧೀಶರು ಬೇಗ ಬೇಗ ತೀರ್ಪಿಗೆ ಸಹಿ ಹಾಕುತ್ತಾರೆ. ಜೂರಿಯವರು ಊಟಕ್ಕೆ ಏಳಲೆಂದು ಯಾರೋ ನತದೃಷ್ಟರು ನೇಣಿಗೇರುತ್ತಾರೆ. 'ಸೈನ್' ಮತ್ತು 'ಡೈನ್' ಎಂಬ ಎರಡು ಮಾತುಗಳು ಪ್ರಾಸದಲ್ಲಿ ಕೂಡಿದ ಕ್ಷಣದಲ್ಲಿಯೇ ಸಹಿಗೂ ಊಟಕ್ಕೂ ಇರುವ ಅಸಹ್ಯ ನಂಟು ಬಯಲಾಗುತ್ತದೆ. ಇಲ್ಲಿ ಪ್ರಾಸವೇ ಆರೋಪಪಟ್ಟಿ.

ಅಯಾಂಬಿಕ್ ಗಣವೆಂದರೆ ನಮ್ಮ ಲಘು-ಗುರು ತಾನೇ?

ಅಲ್ಲ. ಕನ್ನಡದವರು ಇಲ್ಲಿ ಎಡವುವಷ್ಟು ಬೇರೆಲ್ಲಿಯೂ ಎಡವುವುದಿಲ್ಲ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ನಮ್ಮ ಲಘು-ಗುರುಗಳು ಉಚ್ಚಾರಣೆಗೆ ಹಿಡಿಯುವ ಕಾಲವನ್ನು ಅಳೆಯುತ್ತವೆ. ಇಂಗ್ಲಿಷ್ ಛಂದಸ್ಸು ಅಳೆಯುವುದು ದನಿಯ ಒತ್ತನ್ನು. ಮೇಲಿನ ಎರಡನೆಯ ಸಾಲನ್ನೇ ಬಿಡಿಸಿದರೆ ಆಂಡ್-ರೆ, ಚಸ್-ಹ್ಯಾಂಗ್, ದಟ್-ಜೂ, ರಿ-ಮೆನ್, ಮೇ-ಡೈನ್ ಎಂದು ಐದು ಗಣಗಳಾಗುತ್ತವೆ. ನಮ್ಮ ಲೆಕ್ಕದಲ್ಲಿ ಆಂಡ್, ದಟ್, ಮೇ ಮೂರೂ ಗುರು, ಆದರೆ ಇಂಗ್ಲಿಷ್ ಕಿವಿಗೆ ಅವುಗಳ ಮೇಲೆ ಒತ್ತಿಲ್ಲ. 'ರೆ' ಎಂಬುದು ನಮಗೆ ಶುದ್ಧ ಲಘು, ಆದರೆ ಒತ್ತು ಬೀಳುವುದು ಅದರ ಮೇಲೆಯೇ. ಪ್ರಸ್ತಾರ ಹಾಕುವ ಅಭ್ಯಾಸವನ್ನು ಬದಿಗಿಟ್ಟು, ಆ ಮಾತನ್ನು ಇಂಗ್ಲಿಷ್ ಮಾತಾಡುವವರು ಸಹಜವಾಗಿ ಎಲ್ಲಿ ಒತ್ತಿ ಹೇಳುತ್ತಾರೆ ಎಂಬುದನ್ನು ಗಮನಿಸಬೇಕು. ಹಾಗೆಂದು ಪ್ರತಿ ಸಾಲೂ ಗಡಿಯಾರದಂತೆ ಬಡಿಯುವುದಿಲ್ಲ. ಸಾಲಿನ ಮೊದಲ ಗಣದಲ್ಲಿ ಒತ್ತು ಹಿಂದುಮುಂದಾಗುವುದು, ಎರಡು ಒತ್ತುಗಳು ಒಟ್ಟಿಗೆ ಬೀಳುವುದು ಎಲ್ಲ ಒಳ್ಳೆಯ ಕವಿಗಳಲ್ಲಿಯೂ ಉಂಟು.

'ಹೀರೋಯಿಕ್' ಎಂದು ಏಕೆ ಕರೆದರು? ಇದರಲ್ಲಿ ವೀರರಸವೇ ಪ್ರಧಾನವೇ?

ವೀರರ ಕಥೆ ಹೇಳುವ ಮಹಾಕಾವ್ಯಕ್ಕೂ ವೀರನಾಟಕಕ್ಕೂ ತಕ್ಕ ಛಂದಸ್ಸೆಂದು ಇದನ್ನು ಬಳಸಿದ್ದರಿಂದ ಹೆಸರು ಬಂದಿತು. 1660ರಲ್ಲಿ ಎರಡನೆಯ ಚಾರ್ಲ್ಸ್ ದೇಶಭ್ರಷ್ಟತೆ ಮುಗಿಸಿ ಸಿಂಹಾಸನಕ್ಕೆ ಮರಳಿದ ಮೇಲೆ ಲಂಡನ್ನಿನ ರಂಗಭೂಮಿಯಲ್ಲಿ ಪ್ರಾಸಬದ್ಧ ವೀರನಾಟಕಗಳ ಅಲೆಯೇ ಎದ್ದಿತು. ಫ್ರಾನ್ಸಿನ ಆಸ್ಥಾನದ ಅಭಿರುಚಿಯನ್ನು ಕಂಡು ಬಂದವರಿಗೆ ಪ್ರಾಸವಿಲ್ಲದ ನಾಟಕ ಒರಟಾಗಿ ತೋರಿರಬೇಕು. ಡ್ರೈಡನ್ ವರ್ಜಿಲ್‌ನನ್ನು (1697), ಪೋಪ್ ಹೋಮರನ ಇಲಿಯಡ್ಡನ್ನು (1715–1720) ಇಂಗ್ಲಿಷಿಗೆ ತಂದದ್ದೂ ಈ ದ್ವಿಪದಿಯಲ್ಲಿಯೇ.

ಆದರೆ ಹೆಸರನ್ನು ನಂಬಿ ಹೋದರೆ ಮೋಸ ಹೋಗುತ್ತೇವೆ. ವೀರನಾಟಕಗಳನ್ನು ಇಂದು ಸಂಶೋಧಕರನ್ನು ಬಿಟ್ಟರೆ ಓದುವವರು ಕಡಿಮೆ. ಈ ದ್ವಿಪದಿ ನಿಜವಾಗಿ ಗೆದ್ದದ್ದು ವೀರವನ್ನು ಅಣಕಿಸುವ ಕೆಲಸದಲ್ಲಿ. ಡ್ರೈಡನ್‌ನ 'ಮ್ಯಾಕ್‌ಫ್ಲೆಕ್ನೋ' (1682) ತೆರೆದುಕೊಳ್ಳುವುದು ಹೀಗೆ: 'ಆಲ್ ಹ್ಯೂಮನ್ ಥಿಂಗ್ಸ್ ಆರ್ ಸಬ್ಜೆಕ್ಟ್ ಟು ಡಿಕೇ, / ಆಂಡ್ ವೆನ್ ಫೇಟ್ ಸಮನ್ಸ್, ಮೊನಾರ್ಕ್ಸ್ ಮಸ್ಟ್ ಒಬೇ.' ಮಾನವನದೆಲ್ಲವೂ ನಶ್ವರ, ವಿಧಿ ಕರೆದಾಗ ಅರಸರೂ ಹೊರಡಲೇಬೇಕು. ಯಾವ ಚಕ್ರವರ್ತಿಯ ಮರಣವೋ ಎಂದು ನಾವು ಗಂಭೀರವಾಗಿ ಕಿವಿಗೊಡುವಷ್ಟರಲ್ಲಿ, ಈ ಅರಸ ಆಳುತ್ತಿದ್ದುದು ಅಸಂಬದ್ಧ ಬರವಣಿಗೆಯ ಸಾಮ್ರಾಜ್ಯ, ಅವನ ಉತ್ತರಾಧಿಕಾರಿ ಡ್ರೈಡನ್‌ನ ಎದುರಾಳಿ ಕವಿ ಶ್ಯಾಡ್‌ವೆಲ್ ಎಂದು ತಿಳಿಯುತ್ತದೆ. ಮೊದಲ ಎರಡು ಸಾಲುಗಳಲ್ಲಿ ಒಂದು ಪದವೂ ನಗೆಯದಲ್ಲ, ಆದರೂ ಹಿಂತಿರುಗಿ ಓದಿದಾಗ ಪ್ರತಿ ಪದವೂ ನಗಿಸುತ್ತದೆ.

ಇದನ್ನು ಮೊದಲು ಬಳಸಿದವರು ಯಾರು?

ಪೋಪ್ ಎಂದು ಬರೆಯುವವರಿದ್ದಾರೆ. ಅದು ಸುಮಾರು ಮುನ್ನೂರು ವರ್ಷಗಳ ತಪ್ಪು. ಇಂಗ್ಲಿಷಿನಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಬಳಸಿದವನು ಹದಿನಾಲ್ಕನೆಯ ಶತಮಾನದ ಚಾಸರ್. 'ದ ಲೆಜೆಂಡ್ ಆಫ್ ಗುಡ್ ವಿಮೆನ್' ಕಾವ್ಯದಲ್ಲಿಯೂ 'ಕ್ಯಾಂಟರ್ಬರಿ ಟೇಲ್ಸ್'ನ ಬಹುಭಾಗದಲ್ಲಿಯೂ ಇರುವುದು ಇದೇ. ಆದರೆ 1400ರಲ್ಲಿ ಅವನು ತೀರಿಕೊಂಡ ಮೇಲಿನ ಕಾಲದಲ್ಲಿ ಪದಗಳ ಕೊನೆಯ 'ಎ' ಕಾರದ ಉಚ್ಚಾರಣೆ ಬಿದ್ದುಹೋಗಿ, ಅವನ ಸಾಲುಗಳಲ್ಲಿ ಸಿಲಬಲ್‌ಗಳು ಕಡಿಮೆಯಾದಂತೆ ಕೇಳಿಸತೊಡಗಿದವು. 1575ರಲ್ಲಿ ಛಂದಸ್ಸಿನ ಬಗ್ಗೆ ಬರೆದ ಗ್ಯಾಸ್ಕಾಯಿನ್ ಈ ರೂಪವನ್ನು 'ರೈಡಿಂಗ್ ರೈಮ್' ಎಂದು ಕರೆಯುತ್ತಾನೆ. ಕುದುರೆಯೇರಿ ಯಾತ್ರೆ ಹೊರಟವರ ಕಥೆಗೆ ಒಪ್ಪುವ ಹೆಸರೇ, ಆದರೆ ಗೌರವದ ಸ್ಥಾನವಂತೂ ಅಲ್ಲ.

ಬಿಗಿಯಾದ, ಎರಡೇ ಸಾಲಿಗೆ ಮುಚ್ಚಿಕೊಳ್ಳುವ ರೂಪ ಬರಲು ಲ್ಯಾಟಿನ್ ಕವಿ ಓವಿಡ್‌ನ ದ್ವಿಪದಿಗಳ ಅನುವಾದ ಒಂದು ಮುಖ್ಯ ಕಾರಣ. ಮಾರ್ಲೋ ಓವಿಡ್‌ನ ಪ್ರಣಯ ಕವಿತೆಗಳನ್ನು ಜೋಡಿಗೆ ಜೋಡಿಯಾಗಿ ಇಂಗ್ಲಿಷಿಗೆ ಇಳಿಸಿದ. ಆಮೇಲೆ ಬೆನ್ ಜಾನ್ಸನ್, ಎಡ್ಮಂಡ್ ವಾಲರ್, ಜಾನ್ ಡೆನಮ್ ಇವರ ಕೈಯಲ್ಲಿ ನಯಗೊಂಡು ಡ್ರೈಡನ್‌ಗೆ ತಲುಪಿತು.

ಮುಚ್ಚಿದ ದ್ವಿಪದಿ, ತೆರೆದ ದ್ವಿಪದಿ ಎಂದರೆ?

ಎರಡನೆಯ ಸಾಲಿನ ಕೊನೆಗೆ ವಾಕ್ಯವೂ ಅರ್ಥವೂ ಮುಗಿದು ಪೂರ್ಣವಿರಾಮ ಬಿದ್ದರೆ ಅದು ಮುಚ್ಚಿದ ದ್ವಿಪದಿ. ಪ್ರಾಸ ಮುಗಿದರೂ ವಾಕ್ಯ ನಿಲ್ಲದೆ ಮುಂದಿನ ಜೋಡಿಗೆ ಹರಿದರೆ ಅದು ತೆರೆದದ್ದು. ಮೇಲೆ ಕೊಟ್ಟ ನ್ಯಾಯಾಲಯದ ಜೋಡಿ ಮೊದಲನೆಯ ಬಗೆಯದು. ಎರಡನೆಯದಕ್ಕೆ ಕೀಟ್ಸ್‌ನ 'ಎಂಡಿಮಿಯನ್' (1818) ಕಾವ್ಯದ ಆರಂಭವನ್ನು ನೋಡಬಹುದು: 'ಎ ಥಿಂಗ್ ಆಫ್ ಬ್ಯೂಟಿ ಈಸ್ ಎ ಜಾಯ್ ಫಾರ್ ಎವರ್: / ಇಟ್ಸ್ ಲವ್ಲಿನೆಸ್ ಇನ್‌ಕ್ರೀಸಸ್, ಇಟ್ ವಿಲ್ ನೆವರ್ / ಪಾಸ್ ಇಂಟು ನಥಿಂಗ್‌ನೆಸ್.' 'ಎವರ್', 'ನೆವರ್' ಪ್ರಾಸ ಕೂಡಿತು, ಆದರೆ 'ನೆವರ್' ಎಂದ ಮೇಲೆ ನಿಲ್ಲಲು ಸಾಧ್ಯವೇ ಇಲ್ಲ. ಎಂದೂ ಏನಾಗುವುದಿಲ್ಲ ಎಂಬುದು ಮುಂದಿನ ಸಾಲಿನಲ್ಲಿದೆ. ಈ ಎರಡು ಸಾಲುಗಳಲ್ಲಿ ಹನ್ನೊಂದನೆಯ, ಒತ್ತಿಲ್ಲದ ಸಿಲಬಲ್ ಬಂದಿರುವುದನ್ನೂ ಗಮನಿಸಬಹುದು. ಅಂಚು ಮೆತ್ತಗಾಗಲು ಅದೂ ಒಂದು ಕಾರಣ.

ಬ್ರೌನಿಂಗ್‌ನ 'ಮೈ ಲಾಸ್ಟ್ ಡಚೆಸ್' (1842) ಇನ್ನೂ ಮುಂದೆ ಹೋಗುತ್ತದೆ. ಐವತ್ತಾರು ಸಾಲುಗಳ ಆ ಕವಿತೆ ಪೂರ್ತಿ ಪ್ರಾಸಬದ್ಧ ದ್ವಿಪದಿಗಳಲ್ಲಿದ್ದರೂ, ಮೊದಲ ಓದಿನಲ್ಲಿ ಪ್ರಾಸ ಇದೆಯೆಂಬುದೇ ಬಹಳ ಜನರಿಗೆ ತಿಳಿಯುವುದಿಲ್ಲ. ತನ್ನ ಹೆಂಡತಿಯನ್ನು ಏನು ಮಾಡಿದೆನೆಂಬುದನ್ನು ನಯವಾದ ಮಾತಿನ ಕೆಳಗೆ ಅಡಗಿಸಿಟ್ಟ ಡ್ಯೂಕ್‌ಗೆ ಅಡಗಿಸಿಟ್ಟ ಪ್ರಾಸ ತಕ್ಕದ್ದೇ.

ಎರಡೇ ಸಾಲಿನಲ್ಲಿ ಅಷ್ಟೊಂದು ಹೇಳುವುದು ಹೇಗೆ ಸಾಧ್ಯವಾಗುತ್ತದೆ?

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ನಮ್ಮ ಗಾದೆಯನ್ನು ಒಮ್ಮೆ ಹೇಳಿ ನೋಡಿ. ಊಟಕ್ಕೆ ಎದುರಾಗಿ ಮಾತು, ರೋಗಕ್ಕೆ ಎದುರಾಗಿ ಜಗಳ, ನಡುವೆ ಒಂದು ನಿಲುಗಡೆ. ತಕ್ಕಡಿಯ ಎರಡು ತಟ್ಟೆಗಳಲ್ಲಿ ಒಂದೇ ಆಕಾರದ ಎರಡು ಮಾತುಗಳು ಕುಳಿತಿರುವುದರಿಂದ ನಮ್ಮ ಮನಸ್ಸು ತಾನಾಗಿ ತೂಗಿ ನೋಡುತ್ತದೆ. ಹೀರೋಯಿಕ್ ಕಪ್ಲೆಟ್ಟಿನ ಒಳಗಿನ ಯಂತ್ರವೂ ಇದೇ. ಸಾಲಿನ ನಡುವೆ, ಸಾಮಾನ್ಯವಾಗಿ ನಾಲ್ಕರಿಂದ ಆರನೆಯ ಸಿಲಬಲ್ಲಿನ ಆಚೀಚೆ, ಒಂದು ಯತಿ ಬೀಳುತ್ತದೆ. ಹಾಗಾಗಿ ಎರಡು ಸಾಲುಗಳಲ್ಲಿ ನಾಲ್ಕು ಅರ್ಧಗಳು ಸಿಗುತ್ತವೆ. ಅರ್ಧಕ್ಕೆ ಅರ್ಧವನ್ನು, ಸಾಲಿಗೆ ಸಾಲನ್ನು ಸಮವಾಗಿಯೋ ವಿರುದ್ಧವಾಗಿಯೋ ನಿಲ್ಲಿಸುವುದೇ ಕವಿಯ ಕೆಲಸ.

ಇದರ ಮಾದರಿಯೆಂದು ಒಂದು ಶತಮಾನದ ಕವಿಗಳು ಕಂಠಪಾಠ ಮಾಡಿದ್ದು ಡೆನಮ್‌ನ 'ಕೂಪರ್ಸ್ ಹಿಲ್' ಕಾವ್ಯದಲ್ಲಿ ಥೇಮ್ಸ್ ನದಿಯನ್ನು ಕುರಿತ ಸಾಲುಗಳನ್ನು. ಕಾವ್ಯ ಮೊದಲು ಅಚ್ಚಾದದ್ದು 1642ರಲ್ಲಿ. ಈ ಸಾಲುಗಳು ಸೇರಿದ್ದು 1655ರ ಆವೃತ್ತಿಯಲ್ಲಿ.

ದೋ ಡೀಪ್, ಯೆಟ್ ಕ್ಲಿಯರ್; ದೋ ಜೆಂಟಲ್, ಯೆಟ್ ನಾಟ್ ಡಲ್;
ಸ್ಟ್ರಾಂಗ್ ವಿದೌಟ್ ರೇಜ್, ವಿದೌಟ್ ಓರ್‌ಫ್ಲೋಯಿಂಗ್ ಫುಲ್.

ಆಳವಾದರೂ ತಿಳಿ, ಸೌಮ್ಯವಾದರೂ ಜಡವಲ್ಲ. ಉಗ್ರತೆಯಿಲ್ಲದೆ ಬಲ, ಉಕ್ಕಿ ಹರಿಯದೆ ತುಂಬು. ಎರಡನೆಯ ಸಾಲಿನಲ್ಲಿ ಕ್ರಮ ತಿರುವುಮುರುವಾಗಿದೆ: ಮೊದಲ ಅರ್ಧದಲ್ಲಿ ಗುಣ ಮುಂದೆ, 'ಇಲ್ಲದೆ' ಹಿಂದೆ, ಎರಡನೆಯ ಅರ್ಧದಲ್ಲಿ 'ಇಲ್ಲದೆ' ಮುಂದೆ, ಗುಣ ಕೊನೆಗೆ. ಕನ್ನಡಿಯಲ್ಲಿ ಕಂಡಂತೆ. ನನ್ನ ಮಟ್ಟಿಗೆ ಈ ಸಾಲುಗಳು ತುಸು ಹೆಚ್ಚೇ ಅಚ್ಚುಕಟ್ಟು. ನದಿಗಿಂತ ಕಾಲುವೆಯನ್ನು ನೋಡಿದ ಅನುಭವವಾಗುತ್ತದೆ. ಆದರೆ ಉಪಕರಣದ ಸಾಮರ್ಥ್ಯ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಪೋಪ್ ಅದೇ ತಕ್ಕಡಿಯಲ್ಲಿ ತೂಕ ಹೊಂದದ ವಸ್ತುಗಳನ್ನು ಇಟ್ಟ. ರಾಣಿ ಆನ್ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಇರುವುದನ್ನು ಅವನು ಹೇಳುವುದು ಹೀಗೆ:

ಹಿಯರ್ ದೌ, ಗ್ರೇಟ್ ಆನ್ನಾ! ಹೂಮ್ ತ್ರೀ ರೆಲ್ಮ್ಸ್ ಒಬೇ,
ಡಸ್ಟ್ ಸಮ್‌ಟೈಮ್ಸ್ ಕೌನ್ಸಿಲ್ ಟೇಕ್, ಆಂಡ್ ಸಮ್‌ಟೈಮ್ಸ್ ಟೀ.

ಮೂರು ರಾಜ್ಯಗಳು ತಲೆಬಾಗುವ ಮಹಾರಾಣಿ ಇಲ್ಲಿ ಕೆಲವೊಮ್ಮೆ ಮಂತ್ರಾಲೋಚನೆ ತೆಗೆದುಕೊಳ್ಳುತ್ತಾಳೆ, ಕೆಲವೊಮ್ಮೆ ಚಹಾ. 'ಟೇಕ್' ಎಂಬ ಒಂದೇ ಕ್ರಿಯಾಪದ ರಾಜಕಾರ್ಯಕ್ಕೂ ಚಹಾಕ್ಕೂ ಸಲ್ಲುತ್ತದೆ. ಸಲಹೆಯನ್ನೂ ಚಹಾವನ್ನೂ ತೆಗೆದುಕೊಳ್ಳುವ ನಮ್ಮ ಭಾಷೆಗೆ ಈ ಚಮತ್ಕಾರ ಅನುವಾದದಲ್ಲಿಯೂ ದಕ್ಕುತ್ತದೆ ಎಂಬುದು ಸಂತೋಷದ ಸಂಗತಿ. ಅದೇ ಕಾವ್ಯದಲ್ಲಿ ನಾಯಕಿ ಬೆಲಿಂಡಾಳಿಗೆ ಬರಬಹುದಾದ ವಿಪತ್ತುಗಳ ಪಟ್ಟಿಯೊಳಗೆ ಅವಳ ಮಾನಕ್ಕೆ ಕಲೆ ಹತ್ತೀತೋ, ಹೊಸ ಜರಿಬಟ್ಟೆಗೆ ಹತ್ತೀತೋ ಎಂಬ ಸಾಲಿದೆ. ಆ ಸಮಾಜದಲ್ಲಿ ಎರಡೂ ಒಂದೇ ತೂಕದವು ಎಂದು ಪೋಪ್ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ; ಒಂದೇ ಕ್ರಿಯಾಪದಕ್ಕೆ ಎರಡನ್ನೂ ಕಟ್ಟಿಬಿಡುತ್ತಾನೆ.

'ಒಬೇ' ಮತ್ತು 'ಟೀ' ಪ್ರಾಸವಾಗುವುದಿಲ್ಲವಲ್ಲ?

ಆಗ ಆಗುತ್ತಿತ್ತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಚಹಾವನ್ನು 'ಟೇ' ಎಂದೂ ಉಚ್ಚರಿಸುತ್ತಿದ್ದರು. ಹಳೆಯ ಪ್ರಾಸಗಳು ಕೆಟ್ಟಂತೆ ಕಂಡರೆ ಕವಿಯನ್ನು ದೂರುವ ಮೊದಲು ಉಚ್ಚಾರಣೆ ಬದಲಾಗಿದೆಯೇ ಎಂದು ನೋಡುವುದು ಲೇಸು.

ನೂರಾರು ಜೋಡಿಗಳು ಒಂದೇ ಬಗೆಯಲ್ಲಿ ಬಂದರೆ ಬೇಸರವಾಗುವುದಿಲ್ಲವೇ?

ಸಾಧಾರಣ ಕವಿಗಳಲ್ಲಿ ಖಂಡಿತ ಆಗುತ್ತದೆ. ಡ್ರೈಡನ್ ಈ ಅಪಾಯವನ್ನು ಅರಿತು ಆಗಾಗ ಎರಡರ ಬದಲು ಮೂರು ಸಾಲುಗಳಿಗೆ ಒಂದೇ ಪ್ರಾಸ ಕೊಡುತ್ತಿದ್ದ. ಕೆಲವೊಮ್ಮೆ ಹನ್ನೆರಡು ಸಿಲಬಲ್ಲಿನ ಅಲೆಕ್ಸಾಂಡ್ರೈನ್ ಸಾಲನ್ನು ತರುತ್ತಿದ್ದ. ಪೋಪ್ ಈ ಸ್ವಾತಂತ್ರ್ಯಗಳನ್ನು ಬಹುಮಟ್ಟಿಗೆ ಬಿಟ್ಟು, ಯತಿಯ ಜಾಗವನ್ನು ಸರಿಸುವುದರಿಂದಲೂ ಅಕ್ಷರಗಳ ನಾದದಿಂದಲೂ ವೈವಿಧ್ಯ ತಂದ. 1711ರಲ್ಲಿ, ಇಪ್ಪತ್ತಮೂರರ ಆಸುಪಾಸಿನಲ್ಲಿ ಪ್ರಕಟಿಸಿದ 'ಆನ್ ಎಸ್ಸೇ ಆನ್ ಕ್ರಿಟಿಸಿಸಮ್'ನಲ್ಲಿ ಅಲೆಕ್ಸಾಂಡ್ರೈನನ್ನು ಹಾಸ್ಯ ಮಾಡುವ ಸಾಲನ್ನು ಅಲೆಕ್ಸಾಂಡ್ರೈನಿನಲ್ಲಿಯೇ ಬರೆದ: 'ದಟ್, ಲೈಕ್ ಎ ವೂಂಡೆಡ್ ಸ್ನೇಕ್, ಡ್ರ್ಯಾಗ್ಸ್ ಇಟ್ಸ್ ಸ್ಲೋ ಲೆಂತ್ ಅಲಾಂಗ್.' ಗಾಯಗೊಂಡ ಹಾವಿನಂತೆ ಮೈಯೆಳೆದುಕೊಂಡು ಸಾಗುವ ಸಾಲು. 'ಡ್ರ್ಯಾಗ್ಸ್ ಇಟ್ಸ್ ಸ್ಲೋ ಲೆಂತ್' ಎಂಬಲ್ಲಿ ವ್ಯಂಜನಗಳು ಒಂದಕ್ಕೊಂದು ತೊಡರಿ ನಾಲಿಗೆ ನಿಧಾನವಾಗಲೇಬೇಕು.

ಮಿಲ್ಟನ್ ಇದನ್ನು ಏಕೆ ಒಪ್ಪಲಿಲ್ಲ?

'ಪ್ಯಾರಡೈಸ್ ಲಾಸ್ಟ್' ಕಾವ್ಯಕ್ಕೆ 1668ರಲ್ಲಿ ಸೇರಿಸಿದ ಟಿಪ್ಪಣಿಯಲ್ಲಿ ಮಿಲ್ಟನ್ ಪ್ರಾಸವನ್ನು ಅನಾಗರಿಕ ಯುಗದ ಸೃಷ್ಟಿಯೆಂದೂ, ತನ್ನ ಕಾವ್ಯ ಅದರ ದಾಸ್ಯದಿಂದ ಬಿಡುಗಡೆ ಪಡೆದಿದೆಯೆಂದೂ ಬರೆದ. ಹತ್ತಾರು ಸಾಲು ಉದ್ದದ ವಾಕ್ಯಗಳಲ್ಲಿ ಯೋಚಿಸುವ ಕವಿಗೆ ಎರಡು ಸಾಲಿಗೊಮ್ಮೆ ಬಾಗಿಲು ಮುಚ್ಚುವ ಮನೆ ಹಿಡಿಸದು. ನಾಟಕದ ಮಟ್ಟಿಗೆ ಡ್ರೈಡನ್ ಕೂಡ ಕೊನೆಗೆ ಅತ್ತಲೇ ವಾಲಿದ. 1671ರಲ್ಲಿ ಬಕಿಂಗ್‌ಹ್ಯಾಮ್ ಡ್ಯೂಕ್‌ನ 'ದ ರಿಹರ್ಸಲ್' ಪ್ರಹಸನ ವೀರನಾಟಕಗಳನ್ನು ರಂಗದ ಮೇಲೆಯೇ ಗೇಲಿ ಮಾಡಿತ್ತು. 1675ರ ತನ್ನ 'ಔರೆಂಗ್-ಝೆಬ್' ನಾಟಕದ ಮುನ್ನುಡಿ ಪದ್ಯದಲ್ಲಿ ಡ್ರೈಡನ್ ತಾನು ಬಹುಕಾಲ ಪ್ರೀತಿಸಿದ ಪ್ರಾಸವೆಂಬ ಪ್ರೇಯಸಿಯಿಂದ ಬೇಸತ್ತಿದ್ದೇನೆಂದು ಒಪ್ಪಿಕೊಂಡ. ಮುಂದಿನ ನಾಟಕ 'ಆಲ್ ಫಾರ್ ಲವ್' ಪ್ರಾಸವಿಲ್ಲದ ಬ್ಲ್ಯಾಂಕ್ ವರ್ಸ್‌ನಲ್ಲಿ ಬಂದಿತು. ಅಂದಹಾಗೆ, 'ಔರೆಂಗ್-ಝೆಬ್' ನಾಟಕದ ನಾಯಕ ನಮ್ಮ ಔರಂಗಜೇಬನೇ. ಅವನು ದೆಹಲಿಯ ಸಿಂಹಾಸನದಲ್ಲಿ ಜೀವಂತವಾಗಿ ಕುಳಿತಿದ್ದಾಗಲೇ ಲಂಡನ್ನಿನ ರಂಗದ ಮೇಲೆ ಇಂಗ್ಲಿಷ್ ದ್ವಿಪದಿಗಳಲ್ಲಿ ಪ್ರೇಮವನ್ನೂ ಕರ್ತವ್ಯವನ್ನೂ ಕುರಿತು ಮಾತನಾಡುತ್ತಿದ್ದ.

ವಿಡಂಬನೆ ಬಿಟ್ಟರೆ ಬೇರೆ ಭಾವಗಳಿಗೆ ಇದು ಒದಗುವುದಿಲ್ಲವೇ?

ಒದಗಿದೆ. ಗೋಲ್ಡ್‌ಸ್ಮಿತ್‌ನ 'ದ ಡೆಸರ್ಟೆಡ್ ವಿಲೇಜ್' (1770) ಪಾಳುಬಿದ್ದ ಹಳ್ಳಿಗಾಗಿ ಮರುಗುವ ಕಾವ್ಯ. ಸಂಪತ್ತು ಕೂಡುತ್ತ ಮನುಷ್ಯರು ಸವೆಯುವ ನಾಡಿಗೆ ಕೇಡು ಎಂಬ ಅದರ ಪ್ರಸಿದ್ಧ ಸಾಲು, 'ವೇರ್ ವೆಲ್ತ್ ಅಕ್ಯುಮ್ಯುಲೇಟ್ಸ್, ಆಂಡ್ ಮೆನ್ ಡಿಕೇ', ಅದೇ ತಕ್ಕಡಿಯನ್ನು ದುಃಖಕ್ಕೆ ಬಳಸುತ್ತದೆ: ಒಂದು ತಟ್ಟೆ ಏರಿದಂತೆ ಇನ್ನೊಂದು ಇಳಿಯುತ್ತದೆ. ಆ ಕಾವ್ಯದ ಕೊನೆಯ ನಾಲ್ಕು ಸಾಲು ಬರೆದವನು ಸ್ಯಾಮ್ಯುಯೆಲ್ ಜಾನ್ಸನ್. ಹೇಳದಿದ್ದರೆ ಹೊಲಿಗೆ ಕಾಣಿಸುವುದಿಲ್ಲ. ಒಂದು ಛಂದಸ್ಸು ಎಷ್ಟರಮಟ್ಟಿಗೆ ಇಡೀ ಕಾಲದ ಸೊತ್ತಾಗಿತ್ತು ಎಂಬುದಕ್ಕೆ ಇದೇ ಸಾಕ್ಷಿ. ಜಾನ್ಸನ್‌ನದೇ 'ದ ವ್ಯಾನಿಟಿ ಆಫ್ ಹ್ಯೂಮನ್ ವಿಷಸ್' (1749) ಭಾರವಾದ, ಕತ್ತಲು ಕವಿದ ದ್ವಿಪದಿ. ಗೋಲ್ಡ್‌ಸ್ಮಿತ್‌ನ ಸವಿನೆನಪಿನ ಹಳ್ಳಿಗೆ ಉತ್ತರವೆಂಬಂತೆ ಕ್ರ್ಯಾಬ್ 1783ರಲ್ಲಿ 'ದ ವಿಲೇಜ್' ಬರೆದು, ಹಳ್ಳಿಯ ಬಡತನವನ್ನು ಬಣ್ಣ ಹಚ್ಚದೆ ತೋರಿಸಿದ.

ಫಿಲಿಸ್ ವೀಟ್ಲಿಯ ಹೆಸರನ್ನು ಇಲ್ಲಿ ಬಿಡಲಾಗದು. ಆಫ್ರಿಕಾದಿಂದ ಬಾಲಕಿಯಾಗಿದ್ದಾಗಲೇ ಹಿಡಿದು ತಂದು 1761ರಲ್ಲಿ ಬಾಸ್ಟನ್ನಿನಲ್ಲಿ ಗುಲಾಮಳಾಗಿ ಮಾರಲ್ಪಟ್ಟವಳು ಆಕೆ. 1773ರಲ್ಲಿ ಲಂಡನ್ನಿನಲ್ಲಿ ಆಕೆಯ ಕವನಸಂಕಲನ ಪ್ರಕಟವಾದಾಗ, ಈ ಪದ್ಯಗಳು ನಿಜಕ್ಕೂ ಆಕೆಯವೇ ಎಂದು ಬಾಸ್ಟನ್ನಿನ ಹದಿನೆಂಟು ಗಣ್ಯರು ಸಹಿ ಮಾಡಿದ ಪ್ರಮಾಣಪತ್ರವನ್ನು ಪುಸ್ತಕದಲ್ಲಿ ಅಚ್ಚು ಹಾಕಬೇಕಾಯಿತು. ಆಫ್ರಿಕಾದಿಂದ ಅಮೆರಿಕಕ್ಕೆ ತರಲ್ಪಟ್ಟುದರ ಬಗ್ಗೆ ಬರೆದ ಆಕೆಯ ಕವಿತೆ ಕೇವಲ ನಾಲ್ಕು ದ್ವಿಪದಿ. ಒಡೆಯರ ಅತ್ಯಂತ ನಾಗರಿಕವೆನಿಸಿಕೊಂಡ ಛಂದಸ್ಸನ್ನು ಅವರಿಗಿಂತ ಕಡಿಮೆಯಿಲ್ಲದಂತೆ ಹಿಡಿದು, ಕ್ರೈಸ್ತರೇ ನೆನಪಿಡಿ ಎಂದು ಅವರಿಗೇ ಬುದ್ಧಿ ಹೇಳುವ ಕೊನೆಯ ಜೋಡಿಯಲ್ಲಿ ವಿನಯವೆಷ್ಟು, ಚುಚ್ಚುಮಾತೆಷ್ಟು ಎಂಬ ಚರ್ಚೆ ಇನ್ನೂ ನಿಂತಿಲ್ಲ.

ಷೇಕ್ಸ್‌ಪಿಯರನ ಸಾನೆಟ್ಟಿನ ಕೊನೆಯ ಎರಡು ಸಾಲುಗಳೂ ಹೀರೋಯಿಕ್ ಕಪ್ಲೆಟ್ ಆಗುತ್ತವೆಯೇ?

ಅಳತೆ ಅದೇ. ಆದರೆ ಅಲ್ಲಿ ಅದು ಹದಿನಾಲ್ಕು ಸಾಲಿನ ಕಟ್ಟಡದ ಒಂದು ಭಾಗ. ಕಾವ್ಯವೆಲ್ಲ ಜೋಡಿಗಳಲ್ಲಿಯೇ ನಡೆದಾಗ ಈ ಹೆಸರನ್ನು ಬಳಸುವುದು ರೂಢಿ.

ಇಷ್ಟು ಪ್ರಬಲವಾಗಿದ್ದ ರೂಪ ಏಕೆ ಹಿಂದೆ ಸರಿಯಿತು?

ಗೆದ್ದದ್ದೇ ಅದಕ್ಕೆ ಮುಳುವಾಯಿತು. ಪೋಪ್ 1744ರಲ್ಲಿ ತೀರಿಕೊಂಡ ಮೇಲೆ ಅವನ ಜಾಣ್ಮೆಯಿಲ್ಲದವರಿಗೆ ಅವನ ಅಳತೆ ಮಾತ್ರ ಸಿಕ್ಕಿತು. ಹೊಸ ತಲೆಮಾರಿಗೆ ಪ್ರಕೃತಿ, ನೆನಪು, ಒಳಮನಸ್ಸಿನ ಅಲೆದಾಟ ಮುಖ್ಯವಾದಾಗ ತೀರ್ಪು ಕೊಡುವ ಈ ದನಿ ಹೊಂದಲಿಲ್ಲ. ಕೀಟ್ಸ್ 1817ರ ಕವಿತೆಯೊಂದರಲ್ಲಿ ಹಿಂದಿನವರು ಮಕ್ಕಳ ತೂಗುಕುದುರೆಯ ಮೇಲೆ ಕುಳಿತು ಅದನ್ನೇ ರೆಕ್ಕೆಯ ಕುದುರೆ ಪೆಗಾಸಸ್ ಎಂದುಕೊಂಡರು ಎಂದು ಹಂಗಿಸಿದ. ತಮಾಷೆಯೆಂದರೆ ಅದನ್ನೂ ದ್ವಿಪದಿಯಲ್ಲಿಯೇ ಹೇಳಿದ, ಮತ್ತು 1820ರ 'ಲೇಮಿಯಾ' ಬರೆಯುವ ಮೊದಲು ಡ್ರೈಡನ್‌ನನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ. ಬೈರನ್ ಮಾತ್ರ ಪೋಪ್‌ನ ಪಕ್ಷವನ್ನು ಬಿಟ್ಟುಕೊಡಲಿಲ್ಲ. 1880ರಲ್ಲಿ ಮ್ಯಾಥ್ಯೂ ಆರ್ನಲ್ಡ್ ಡ್ರೈಡನ್, ಪೋಪ್ ಇಬ್ಬರೂ ನಮ್ಮ ಗದ್ಯದ ಅಭಿಜಾತರು ಎಂದುಬಿಟ್ಟ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ನ್ಯಾಯಾಲಯದ ಆ ಎರಡು ಸಾಲುಗಳನ್ನು ಗದ್ಯದಲ್ಲಿ ಹೇಳಿದರೆ ಉಳಿಯುವುದು ಸುದ್ದಿ ಮಾತ್ರ.

ಇಪ್ಪತ್ತನೆಯ ಶತಮಾನದಲ್ಲಿಯೂ ಅದು ಸಂಪೂರ್ಣ ಕಣ್ಮರೆಯಾಗಲಿಲ್ಲ. ಮೊದಲ ಮಹಾಯುದ್ಧದ ಕವಿ ವಿಲ್ಫ್ರೆಡ್ ಓವೆನ್ 'ಸ್ಟ್ರೇಂಜ್ ಮೀಟಿಂಗ್'ನಲ್ಲಿ 'ಎಸ್ಕೇಪ್ಡ್', 'ಸ್ಕೂಪ್ಡ್' ಎಂಬಂತೆ ವ್ಯಂಜನ ಕೂಡಿ ಸ್ವರ ಕೂಡದ ಅರೆಪ್ರಾಸಗಳಿಂದ ದ್ವಿಪದಿಯನ್ನು ಬೇಕೆಂದೇ ಊನಗೊಳಿಸಿದ. ನಬಕೋವ್‌ನ 'ಪೇಲ್ ಫೈರ್' (1962) ಕಾದಂಬರಿಯ ನಡುವೆ ಇರುವ 999 ಸಾಲುಗಳ ಕವಿತೆಯೂ ಇದೇ ರೂಪದ್ದು.

ಕನ್ನಡದಲ್ಲಿ ಇದಕ್ಕೆ ಸಮನಾದದ್ದು ಇದೆಯೇ? ಅನುವಾದಿಸಬಹುದೇ?

ನೇರ ಸಮಾನವಿಲ್ಲ, ಆದರೆ ಹತ್ತಿರದ ಬಂಧು ರಗಳೆ. ಹರಿಹರನ ರಗಳೆಗಳಲ್ಲಿ ಸಾಲುಗಳು ಎರಡೆರಡಾಗಿ ಪ್ರಾಸಬದ್ಧವಾಗಿ ಸಾಗುತ್ತವೆ, ಸಾಲುಗಳ ಸಂಖ್ಯೆಗೆ ಮಿತಿಯಿಲ್ಲ, ಕಥನಕ್ಕೆ ಒಗ್ಗುತ್ತವೆ. ವ್ಯತ್ಯಾಸವೆಂದರೆ ರಗಳೆಯ ಹುರುಪು ಮುಂದಕ್ಕೆ ಓಡುವುದರಲ್ಲಿದೆ, ಪೋಪ್‌ನ ದ್ವಿಪದಿಯ ಹುರುಪು ನಿಲ್ಲುವುದರಲ್ಲಿದೆ. ಐದು ಮಾತ್ರೆಯ ನಾಲ್ಕು ಗಣಗಳ ಲಲಿತ ರಗಳೆಯಿಂದ ಪ್ರಾಸವನ್ನು ಬಿಟ್ಟುಕೊಟ್ಟಾಗ ಸರಳ ರಗಳೆ ಬಂದು, ಇಂಗ್ಲಿಷಿನ ಬ್ಲ್ಯಾಂಕ್ ವರ್ಸ್‌ನ ಸ್ಥಾನವನ್ನು ನಮ್ಮಲ್ಲಿ ತುಂಬಿತು. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಅದರಿಂದ ಬೆಳೆದದ್ದು. ಹಾಗಾಗಿ ದ್ವಿಪದಿಯನ್ನು ತರುವವರು ಪ್ರಾಸ ಉಳ್ಳ ಲಲಿತ ರಗಳೆಗೇ ಹಿಂತಿರುಗಿ ನೋಡುವುದು ನ್ಯಾಯ. ಬರವಣಿಗೆಯ ಸರಾಗತೆ ಕಲೆಯಿಂದ ಬರುತ್ತದೆ, ಆಕಸ್ಮಿಕವಾಗಿ ಅಲ್ಲ, ಕುಣಿತ ಕಲಿತವರೇ ಹಗುರಾಗಿ ನಡೆಯುವಂತೆ ಎಂಬ ಪೋಪ್‌ನ ಜೋಡಿಯನ್ನು ಹೀಗೆ ಪ್ರಯತ್ನಿಸಿದ್ದೇನೆ:

ಬರೆವವನ ಸಲಿಲಗತಿ ವಿಧಿಯಲ್ಲ, ಕಲೆಯ ದಯ;
ಬರಿದೆ ನಡೆವರಿಗಿಂತ ಕುಣಿವವರ ನಡೆಗೆ ನಯ.

ಮಾತ್ರೆಗಳು ಸರಿಹೋದವು, ಆದಿಪ್ರಾಸವೂ ಅಂತ್ಯಪ್ರಾಸವೂ ಕೂಡಿದವು. ಆದರೆ ಮೂಲದಲ್ಲಿ 'ಕಲಿತವರು' ಎಂಬ ಮಾತಿತ್ತು, ಅದು ಜಾರಿಹೋಯಿತು. ಪೋಪ್‌ನ ವಾದವೆಲ್ಲ ಆ ಮಾತಿನ ಮೇಲೆ ನಿಂತಿತ್ತು.

ಓದಲು ಎಲ್ಲಿಂದ ತೊಡಗಬೇಕು?

'ಮ್ಯಾಕ್‌ಫ್ಲೆಕ್ನೋ' ಚಿಕ್ಕದು, ಇನ್ನೂರು ಚಿಲ್ಲರೆ ಸಾಲು, ಅದರಿಂದ ಆರಂಭಿಸಿ. ಆಮೇಲೆ 'ದ ರೇಪ್ ಆಫ್ ದ ಲಾಕ್' ಓದಿ. 1712ರಲ್ಲಿ ಎರಡು ಸರ್ಗಗಳಾಗಿ ಬಂದದ್ದನ್ನು ಪೋಪ್ 1714ರಲ್ಲಿ ಐದಕ್ಕೆ ಬೆಳೆಸಿದ. ಈಗ ಸಿಗುವುದು ಹೆಚ್ಚಾಗಿ ಬೆಳೆಸಿದ ರೂಪ, ಅದೇ ಮೇಲು. ಅದರ ನಂತರ ಗೋಲ್ಡ್‌ಸ್ಮಿತ್, ವೀಟ್ಲಿ. ಇವರನ್ನೆಲ್ಲ ಓದುವಾಗ ಪ್ರತಿ ಜೋಡಿಯ ಕೊನೆಗೆ ಒಂದು ಉಸಿರಿನಷ್ಟು ಹೊತ್ತು ನಿಲ್ಲಿ. 'ಎಂಡಿಮಿಯನ್' ಕೈಗೆತ್ತಿಕೊಂಡಾಗ ಮಾತ್ರ ಹಾಗೆ ನಿಲ್ಲಬೇಡಿ. ವಿರಾಮಚಿಹ್ನೆ ಬರುವವರೆಗೆ ಓದುತ್ತ ಹೋಗಿ, ಪ್ರಾಸ ಹಿಂದಿನಿಂದ ತಾನಾಗಿ ಬಂದು ಸೇರಿಕೊಳ್ಳುತ್ತದೆ.